ಬರಿಗಾಲಿನ ಅಹ್ಮದ್ ಖಾನರು

ಕಾಲ್ಚೆಂಡಿನ ಆಟಗಾರರೊಬ್ಬರ ಜೀವನವೃತ್ತಾಂತವನ್ನು ಬರೆಯಲು ಇವನಾರು ಎಂಬ ಶಂಕೆ ವಾಚಕರಿಗೆ ಹುಟ್ಟಿದರೆ ತಪ್ಪಲ್ಲ. ನಾನು ಹುಟ್ಟಿದ್ದು ಸಿದ್ದಾಪುರ ತಾಲೂಕಿನ ಒಂದು ತೋಟದ ಮನೆಯಲ್ಲಿ. ಅಲ್ಲಿ ಸಮತಟ್ಟಾದ ನೆಲವೆಂದರೆ ಅಂಗಳವೊಂದೇ. ಚಳಿಗಾಲ ಬಂತೆಂದರೆ ಅದೂ ಅಡಿಕೆ ಒಣಗಿಸಲಿಕ್ಕೆ ಬೇಕು. ಸಿರ್ಸಿಗೆ ಓದಲು ಬಂದ ಮೇಲೆಯೇ ನನ್ನ ಕಾಲಿಗೆ ಚೆಂಡು ತಗುಲಿದ್ದು. ಕಳೆದ ವರ್ಷ ಯಲ್ಲಾಪುರಕ್ಕೆ ಹೋಗಿ ಏಳು ಗೋಲು ತಿಂದು ಬಂದ ತಂಡದಲ್ಲಿ ನಾನೂ ಒಬ್ಬ. ನಮ್ಮಲ್ಲಿ ನಾಲ್ವರಿಗೆ ಬೂಟುಗಳಿರಲಿಲ್ಲ. ಹಿಂದಿರುಗುವಾಗ ಬಸ್ಸಿನಲ್ಲಿ, ಇನ್ನು ನನಗೆ ಈ ಆಟದ ಗೊಡವೆ ಬೇಡವೆಂದು ಮಾಸ್ತರರಿಗೆ ಹೇಳಿಬಿಟ್ಟೆ. ಅವರು ಗದರಿಸಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಮಂಚಿಕೇರಿ ದಾಟುತ್ತಿದ್ದಂತೆ ಅಹ್ಮದ್ ಖಾನರ ಸಂಗತಿಯನ್ನು ತೆಗೆದರು. ಆಮೇಲೆ ಅಲ್ಲಿ ಇಲ್ಲಿ ಓದಿ ತಿಳಿದದ್ದನ್ನೂ ಕೂಡಿಸಿ ಇಲ್ಲಿ ಬರೆದಿದ್ದೇನೆ.

ಅಹ್ಮದ್ ಖಾನರು 1926ರ ಡಿಸೆಂಬರ್ 24ರಂದು ಬೆಂಗಳೂರಿನಲ್ಲಿ ಜನಿಸಿದರು. ತಂದೆಯೂ ಕಾಲ್ಚೆಂಡಿನ ಆಟಗಾರರೇ. ಸೋದರರೂ ಅದೇ ಹಾದಿ ಹಿಡಿದವರು. ಆಗಿನ ಬೆಂಗಳೂರು ದಂಡಿನ ಊರು. ಇಂಗ್ಲಿಷ್ ಸೋಲ್ಜರರು ಬೂಟು ತೊಟ್ಟು ಆಡುತ್ತಿದ್ದುದನ್ನು ನೋಡಿ ನೋಡಿ, ಸುತ್ತಲಿನ ಹುಡುಗರು ಬರಿಗಾಲಿನಲ್ಲಿ ಆಟವನ್ನು ಕಲಿತರು. ಮುಂಬಯಿಯ ರೋವರ್ಸ್ ಕಪ್ಪು ಅಲ್ಲಿಯವರೆಗೆ ಯಾವ ಭಾರತೀಯ ತಂಡಕ್ಕೂ ಒಲಿದಿರಲಿಲ್ಲ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಎಂಬ ತಂಡ ಅದನ್ನು ಗೆದ್ದುಕೊಂಡು ಬಂದಿತು, ಮರುವರ್ಷವೂ ಗೆದ್ದಿತು. ಹತ್ತು ವರ್ಷದ ಬಾಲಕ ಅಹ್ಮದರ ಮನಸ್ಸಿನ ಮೇಲೆ ಅದರ ಪರಿಣಾಮ ಎಷ್ಟಾಗಿರಬೇಕೆಂಬುದನ್ನು ಯಾರಾದರೂ ಊಹಿಸಬಹುದು. ಮುಂದೆ ಅವರು ಸೇರಿದ್ದೂ ಅದೇ ತಂಡವನ್ನು.

ಆಗಿನ ಪದ್ಧತಿಯಂತೆ ಮುಂದಿನ ಸಾಲಿನಲ್ಲಿ ಐವರು ಆಡುತ್ತಿದ್ದರು. ಅವರಲ್ಲಿ ಎಡಗಡೆಯಿಂದ ಎರಡನೆಯ ಸ್ಥಾನ ಅಹ್ಮದರದು. ಚೆಂಡು ಕಾಲಿಗೆ ಬಂದರೆ ಅದು ಅಂಟಿಕೊಂಡಂತೆಯೇ. ಎದುರಾಳಿಯನ್ನು ಹತ್ತಿರಕ್ಕೆ ಬರಗೊಟ್ಟು, ಕೊನೆಯ ಕ್ಷಣದಲ್ಲಿ ಮೈ ಓರೆ ಮಾಡಿ ಜಾರಿಕೊಳ್ಳುವ ಅವರ ಆಟವನ್ನು ಕಂಡು ಜನರು ಅವರಿಗೆ ಹಾವಾಡಿಗನೆಂದು ಹೆಸರಿಟ್ಟರು.

ಬರಿಗಾಲಿನಲ್ಲಿ ಇದು ಸಾಧ್ಯವೇ ಎಂದು ಪಟ್ಟಣದವರು ಕೇಳಬಹುದು. ಮಳೆಗಾಲದಲ್ಲಿ ಹಳ್ಳದ ಸಂಕ ದಾಟಿ ಶಾಲೆಗೆ ಹೋದ ನಮ್ಮ ಕಡೆಯವರು ಕೇಳಲಾರರು. ಪಾಚಿ ಕಟ್ಟಿದ ಸಂಕದ ಮೇಲೆ ಚಪ್ಪಲಿಯನ್ನು ಕೈಯಲ್ಲಿ ಹಿಡಿದು, ಬೆರಳನ್ನೂರಿ ನಡೆದವನೇ ದಡ ಸೇರುವುದು. ಬೆರಳಿಗೆ ತಿಳಿಯುವುದು ತೊಗಲಿಗೆ ತಿಳಿಯದು.

1948ರ ಲಂಡನ್ ಒಲಿಂಪಿಕ್ಸಿಗೆ ಸ್ವತಂತ್ರ ಭಾರತದ ತಂಡ ಹೊರಟಾಗ ಅಹ್ಮದರಿಗೆ ಇಪ್ಪತ್ತೊಂದು ವರ್ಷ. ಜುಲೈ 31ರಂದು ಫ್ರಾನ್ಸಿನ ಮೇಲೆ ಪಂದ್ಯ. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನವರು. ಬೆಂಗಳೂರಿನವರೇ ಆದ ರಾಮನ್ ಗೋಲು ಹೊಡೆದು ಪಂದ್ಯವನ್ನು ಸಮಗೊಳಿಸಿದರು. ಆದರೆ ದೊರೆತ ಎರಡು ಪೆನಾಲ್ಟಿಗಳೂ ವ್ಯರ್ಥವಾಗಿ, ಕೊನೆಗಳಿಗೆಯ ಗೋಲಿನಿಂದ ಫ್ರಾನ್ಸ್ 2-1ರಿಂದ ಗೆದ್ದಿತು. ಆಗ ನಮ್ಮ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಬೆಂಗಳೂರು ನಮ್ಮ ಅಜ್ಜಂದಿರಿಗೆ ಪರರಾಜ್ಯ. ನಮ್ಮವರೆಂದು ಹೆಮ್ಮೆಪಡುವ ಭಾಗ್ಯವೂ ಅವರಿಗಿರಲಿಲ್ಲ.

ಮರುವರ್ಷ ಕಲಕತ್ತೆಯ ಈಸ್ಟ್ ಬೆಂಗಾಲ್ ಸಂಸ್ಥೆ ಅಹ್ಮದರನ್ನು ಕರೆಸಿಕೊಂಡಿತು. ಅಲ್ಲಿ ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೇ ಇವರೊಡನೆ ಅಹ್ಮದರೂ ಕೂಡಿದ ಐವರ ಸಾಲಿಗೆ ವಂಗೀಯರು ಪಂಚಪಾಂಡವರೆಂದು ಹೆಸರಿಟ್ಟರು. ದೇಶವಿಭಜನೆಯಿಂದ ಮನೆಮಾರು ಕಳೆದುಕೊಂಡು ಪೂರ್ವವಂಗದಿಂದ ಬಂದ ನಿರಾಶ್ರಿತರ ಪಾಲಿಗೆ ಆ ತಂಡದ ಗೆಲುವೊಂದೇ ಹಬ್ಬ. ಐವರಲ್ಲಿ ಒಬ್ಬರೂ ಬಂಗಾಳಿಗಳಲ್ಲ! 1949, 1950, 1951 ಹೀಗೆ ಮೂರು ವರ್ಷ ಸತತವಾಗಿ ಐ.ಎಫ್.ಎ. ಶೀಲ್ಡ್ ಅವರದಾಯಿತು. 1951ರ ಮಾರ್ಚಿನಲ್ಲಿ ದಿಲ್ಲಿಯ ಪ್ರಥಮ ಏಷ್ಯನ್ ಕ್ರೀಡಾಕೂಟದಲ್ಲಿ ಇರಾನನ್ನು ಸೋಲಿಸಿ ಚಿನ್ನದ ಪದಕ ಪಡೆದ ತಂಡದಲ್ಲಿಯೂ ಅಹ್ಮದರಿದ್ದರು.

ನಡುವೆ 1950ರಲ್ಲಿ ಬ್ರೆಝಿಲಿನ ವಿಶ್ವಕಪ್ಪಿಗೆ ಭಾರತಕ್ಕೆ ಕರೆ ಬಂದಿತ್ತು. ಬರಿಗಾಲಿನವರಿಗೆ ಪ್ರವೇಶವಿಲ್ಲವೆಂದುದರಿಂದ ನಾವು ಹೋಗಲಿಲ್ಲವೆಂದು ಇಂದಿಗೂ ಹೇಳುವವರಿದ್ದಾರೆ. ನಾನೂ ಅದನ್ನೇ ನಂಬಿದ್ದೆ. ನಿಜವಾಗಿ ನಮ್ಮ ಫೆಡರೇಶನ್ನೇ ಒಲಿಂಪಿಕ್ಸಿನಷ್ಟು ಮಹತ್ವವನ್ನು ವಿಶ್ವಕಪ್ಪಿಗೆ ಕೊಡದೆ ತಂಡವನ್ನು ಕಳಿಸದೆ ಉಳಿಯಿತು. ಇಪ್ಪತ್ತಮೂರರ ಹರೆಯದ ಅಹ್ಮದರು ಕಳೆದುಕೊಂಡದ್ದೇನೆಂದು ಯೋಚಿಸಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಇನ್ನು 1952ರ ಹೆಲ್ಸಿಂಕಿ. ಮಾಸ್ತರರು ಬಸ್ಸಿನಲ್ಲಿ ಹೇಳಿದ್ದು ಮುಖ್ಯವಾಗಿ ಇದನ್ನೇ. ಫಿನ್ಲೆಂಡಿನ ಚಳಿಯ ನೆಲ. ಎದುರಿಗೆ ಯುರೋಪಿನ ಪ್ರಬಲ ತಂಡಗಳಲ್ಲೊಂದಾದ ಯುಗೋಸ್ಲಾವಿಯ. ನಮ್ಮವರಲ್ಲಿ ಹಲವರು ಆಗಲೂ ಬರಿಗಾಲಿನವರೇ. ಅರ್ಧ ಸಮಯಕ್ಕೆ ಐದು ಗೋಲು, ಆಮೇಲೆ ಮತ್ತೆ ಐದು. ಹತ್ತು ಗೋಲು ತಿಂದವನ ಕಾಲಿಗೆ ಎಂಬತ್ತೊಂಬತ್ತನೆಯ ನಿಮಿಷದಲ್ಲಿ ಓಡುವ ಮನಸ್ಸಾದರೂ ಹೇಗೆ ಬರುತ್ತದೆ? ಏಳು ತಿಂದ ನಮಗೆ ಅರ್ಧ ಗಂಟೆ ಮೊದಲೇ ಹೋಗಿತ್ತು. ಆ ಎಂಬತ್ತೊಂಬತ್ತನೆಯ ನಿಮಿಷದಲ್ಲಿ ಅಹ್ಮದ್ ಖಾನರು ಗೋಲು ಹೊಡೆದರು. ಭಾರತದ ಲೆಕ್ಕಕ್ಕೆ ಅಂದು ಸಂದದ್ದು ಅದೊಂದೇ.

ಆ ಸೋಲಿನ ತರುವಾಯ ಬೂಟುಗಳು ಕಡ್ಡಾಯವಾದವು. ಬರಿಗಾಲಿನ ಆಟವನ್ನು ದೊಡ್ಡ ಸಾಹಸವೆಂದು ಹೊಗಳುವ ಲೇಖನಗಳನ್ನು ನಾನು ಓದಿದ್ದೇನೆ. ಆ ಹೊಗಳಿಕೆ ನನಗೆ ಹಿಡಿಸುವುದಿಲ್ಲ. ಸಂಕ ದಾಟಲು ಬರಿಗಾಲು ಒಳ್ಳೆಯದು. ಹೆಲ್ಸಿಂಕಿಗೆ ಬೇರೆಯೇ ಸಿದ್ಧತೆ ಬೇಕಾಗಿತ್ತು. ಅದನ್ನು ಒದಗಿಸಬೇಕಾದವರು ಆಟಗಾರರಲ್ಲ.

1954ರಲ್ಲಿ ಅಹ್ಮದರು ಈಸ್ಟ್ ಬೆಂಗಾಲಿನ ನಾಯಕರಾದರು. 1959ರವರೆಗೆ ಅಲ್ಲಿ ಆಡಿ, ಬೇರೆ ಸಂಸ್ಥೆಗೆ ಹೋಗದೆ, ಬೆಂಗಳೂರಿಗೆ ಮರಳಿದರು. ಕಲಕತ್ತೆಯ ಜನ ಅವರನ್ನು ಮರೆಯಲಿಲ್ಲ. 2012ರಲ್ಲಿ ಆ ಸಂಸ್ಥೆ ಅವರನ್ನು ಭಾರತ ಗೌರವ ಪ್ರಶಸ್ತಿಯಿಂದ ಸನ್ಮಾನಿಸಿತು. ನಮ್ಮ ತರಗತಿಯಲ್ಲಿ ಅವರ ಹೆಸರನ್ನು ಕೇಳಿದವರು ಯಾರೆಂದು ನಾನು ವಿಚಾರಿಸಿದೆ. ಒಂದು ಕೈಯೂ ಮೇಲೇಳಲಿಲ್ಲ. ಅವರು 2017ರ ಆಗಸ್ಟ್ 27ರಂದು, ತಮ್ಮ ತೊಂಬತ್ತನೆಯ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿಯೇ ತೀರಿಕೊಂಡರು.

ಈ ವರ್ಷ ನಾವು ಯಲ್ಲಾಪುರಕ್ಕೆ ಪುನಃ ಹೋಗಿದ್ದೆವು. ಬೂಟುಗಳಿಲ್ಲದವರು ಇಬ್ಬರೇ. ಐದು ಗೋಲು ತಿಂದು, ಕೊನೆಗೆ ಒಂದನ್ನು ಹೊಡೆದೆವು. ಹೊಡೆದವನು ನಾನಲ್ಲ.