ಊರೇ ಜಾಮೀನು: ಸಹಕಾರಿ ರೈಫೈಸನ್ ಅವರ ಬದುಕು

ಸಹಕಾರಿ ಸಂಘದಲ್ಲಿ ಷೇರು ಕಟ್ಟಿದವರು, ಸಾಲ ಪಡೆದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಹಳ್ಳಿಯ ಸಾಲದ ಸಂಘಕ್ಕೆ ಅಡಿಪಾಯ ಹಾಕಿದವರು ಜರ್ಮನಿಯ ಫ್ರೆಡ್ರಿಕ್ ವಿಲ್ಹೆಲ್ಮ್ ರೈಫೈಸನ್. ಅವರ ಬದುಕನ್ನು ನಾವು ತಿಳಿದಿರಬೇಕು.

1818ರ ಮಾರ್ಚ್ 30ರಂದು ಹಾಮ್ ಎಂಬ ಸಣ್ಣ ಊರಿನಲ್ಲಿ ಜನಿಸಿದ ಅವರು ಚಿಕ್ಕ ವಯಸ್ಸಿನಲ್ಲೇ ಸೈನ್ಯ ಸೇರಿದರು. ಕಣ್ಣಿನ ತೊಂದರೆಯಿಂದ ಅದನ್ನು ಬಿಡಬೇಕಾಯಿತು. 1845ರಲ್ಲಿ ವೈಯರ್‌ಬುಷ್ ಸುತ್ತಲಿನ ಹಳ್ಳಿಗಳ ಮೇಯರ್ ಆದರು. ಬೆಳೆ ಕೆಟ್ಟು 1846-47ರ ಚಳಿಗಾಲದಲ್ಲಿ ಜನ ಹಸಿವಿನಿಂದ ಕಂಗೆಟ್ಟರು. ಸರ್ಕಾರ ಹಿಟ್ಟು ಕಳಿಸಿತು, ಆದರೆ ನಗದಿಗೆ ಮಾತ್ರ ಕೊಡಬೇಕೆಂದು ಆದೇಶಿಸಿತು. ಬಡವರ ಕೈಯಲ್ಲಿ ನಗದು ಎಲ್ಲಿಂದ ಬರಬೇಕು? ರೈಫೈಸನ್ ಅವರು ಧೈರ್ಯ ಮಾಡಿ ಉದ್ರಿ ಕೊಟ್ಟರು. ಉಳ್ಳವರಿಂದ ನಿಧಿ ಕೂಡಿಸಿ, ಊರಿನವರಿಗಾಗಿಯೇ ಬ್ರೆಡ್ ಸುಡುವ ಭಟ್ಟಿ ಕಟ್ಟಿಸಿದರು.

ಮುಂದೆ ಫ್ಲಾಮರ್ಸ್‌ಫೆಲ್ಡ್‌ನಲ್ಲಿ ರೈತರು ಬಡ್ಡಿಗೆ ಸಿಕ್ಕಿ ದನಕರು ಕಳೆದುಕೊಳ್ಳುವುದನ್ನು ಕಂಡರು. ಅಲ್ಲಿಯೂ, ನಂತರ 1854ರಲ್ಲಿ ಹೆಡ್ಡೆಸ್‌ಡಾರ್ಫ್‌ನಲ್ಲಿಯೂ ಸಿರಿವಂತರ ನೆರವಿನ ಸಂಘ ಕಟ್ಟಿದರು. ಕೆಲವು ವರ್ಷಗಳಲ್ಲಿ ಸಿರಿವಂತರ ಉತ್ಸಾಹ ತಗ್ಗಿತು. ದಯೆಯೊಂದನ್ನೇ ನಂಬಿದ ಸಂಘ ಬಹುಕಾಲ ನಿಲ್ಲದು ಎಂಬುದು ಅವರಿಗೆ ಅನುಭವದಿಂದ ತಿಳಿಯಿತು.

1864ರಲ್ಲಿ ಅವರು ಪದ್ಧತಿಯನ್ನೇ ಬದಲಿಸಿದರು. ಸಾಲ ಬೇಕಾದವರು ಸಂಘದ ಸದಸ್ಯರಾಗಬೇಕು. ಸಂಘದ ಸಾಲಕ್ಕೆ ಎಲ್ಲ ಸದಸ್ಯರೂ ತಮ್ಮ ಆಸ್ತಿಸಮೇತ ಹೊಣೆ. ಪರಸ್ಪರ ಬಲ್ಲವರೇ ಇರಬೇಕೆಂದು ಸಂಘದ ವ್ಯಾಪ್ತಿಯನ್ನು ಚಿಕ್ಕದಾಗಿಯೇ ಇಟ್ಟರು. ಪದಾಧಿಕಾರಿಗಳಿಗೆ ಸಂಬಳವಿಲ್ಲ. ಲಾಭವನ್ನು ಹಂಚಿಕೊಳ್ಳದೆ ಮೀಸಲು ನಿಧಿಗೆ ಸೇರಿಸಬೇಕು. ಒಬ್ಬ ತಪ್ಪಿದರೆ ನಷ್ಟ ಎಲ್ಲರದು. ಹಾಗಾಗಿ ಸಾಲ ಯಾರಿಗೆ, ಯಾತಕ್ಕೆ ಎಂದು ಎಲ್ಲರೂ ವಿಚಾರಿಸುತ್ತಿದ್ದರು. ಅಡವಿಡಲು ಹೆಚ್ಚೇನೂ ಇಲ್ಲದ ರೈತನಿಗೆ ಅವನ ನಡತೆಯೇ ಆಧಾರವಾಯಿತು. ಗಿರಾಕಿಯ ಮುಖ ನೋಡಿ ಉದ್ರಿ ಬರೆಯುವ ನಮ್ಮಂಥ ವ್ಯಾಪಾರಿಗಳಿಗೆ ಇದರ ಬೆಲೆ ಗೊತ್ತು.

ದೃಷ್ಟಿ ಬಹುಪಾಲು ಹೋದ ಮೇಲೂ ಅವರು ಸುಮ್ಮನೆ ಕೂರಲಿಲ್ಲ. 1866ರಲ್ಲಿ ಸಾಲದ ಸಂಘಗಳ ಕುರಿತು ಅವರ ಪುಸ್ತಕ ಬಂತು. ಓದುಬರಹಕ್ಕೆ ಮಗಳು ಅಮಾಲಿಯೇ ಕಣ್ಣಾದರು. 1888ರ ಮಾರ್ಚ್ 11ರಂದು ಅವರು ನಿಧನರಾದರು.

ಅವರ ವಿಚಾರ ನಮ್ಮ ನಾಡಿಗೂ ತಲುಪಿತು. ಮದ್ರಾಸ್ ಸರ್ಕಾರಕ್ಕಾಗಿ ಫ್ರೆಡ್ರಿಕ್ ನಿಕಲ್ಸನ್ ಬರೆದ ವರದಿ ರೈಫೈಸನ್ ಮಾದರಿಯನ್ನೇ ಎತ್ತಿಹಿಡಿಯಿತು. 1904ರಲ್ಲಿ ಸಹಕಾರಿ ಕಾಯ್ದೆ ಬಂತು. 1905ರಲ್ಲಿ ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಸ್ಥಾಪಿಸಿದರು.

ಇಂದು ಸಂಘಗಳು ದೊಡ್ಡದಾಗಿವೆ, ಸದಸ್ಯರು ಒಬ್ಬರನ್ನೊಬ್ಬರು ಅರಿಯರು. ವಾರ್ಷಿಕ ಸಭೆಯಲ್ಲಿ ಸಹಿ ಹಾಕಿ ಊಟ ಮುಗಿಸಿ ಬರುವ ನಾವು, ಮುಂದಿನ ಸಲ ಕುಳಿತು ಲೆಕ್ಕ ಕೇಳೋಣ. ಪಡೆದ ಸಾಲದ ಕಂತನ್ನು ತಪ್ಪದೆ ಕಟ್ಟೋಣ. ಸಂಘ ಉಳಿಯುವುದು ಇದರಿಂದಲೇ.