ಸಂಪಾದಕ ಸ್ಟೆಡ್ಡರ ಸೆರೆವಾಸ

ಇಂಗ್ಲೆಂಡಿನ ಜನಪ್ರಿಯ ಪತ್ರಿಕೆಗಳ ಮೂಲಪುರುಷರಲ್ಲಿ ವಿಲಿಯಂ ಥಾಮಸ್ ಸ್ಟೆಡ್ಡರು ಅಗ್ರಗಣ್ಯರು. 1849ರಲ್ಲಿ ನಾರ್ಥಂಬರ್ಲೆಂಡಿನಲ್ಲಿ ಪಾದ್ರಿಯೊಬ್ಬರ ಮಗನಾಗಿ ಜನಿಸಿ, 1871ರಲ್ಲಿ ಡಾರ್ಲಿಂಗ್ಟನ್ನಿನ ‘ನಾರ್ದರ್ನ್ ಎಕೋ’ ಪತ್ರಿಕೆಗೂ, 1883ರಲ್ಲಿ ಲಂಡನ್ನಿನ ಸಂಜೆಯ ಪತ್ರಿಕೆಯಾದ ‘ಪಾಲ್ ಮಾಲ್ ಗೆಜೆಟ್’ಗೂ ಸಂಪಾದಕರಾದರು. ದಪ್ಪಕ್ಷರದ ತಲೆಬರಹ, ಚಿತ್ರ, ಸಂದರ್ಶನ ಇವುಗಳಿಂದ ಸಾಮಾನ್ಯ ವಾಚಕನನ್ನು ಸೆಳೆಯುವ ಮಾರ್ಗವನ್ನು ಹಿಡಿದರು.

ಬಡ ಬಾಲಿಕೆಯರನ್ನು ವೇಶ್ಯಾವೃತ್ತಿಗೆ ಮಾರುವ ವ್ಯಾಪಾರವು ಲಂಡನ್ನಿನಲ್ಲಿ ನಡೆಯುತ್ತಿದ್ದಿತು. ಅದನ್ನು ಬಯಲಿಗೆಳೆಯಲು ಸ್ಟೆಡ್ಡರು ದಲ್ಲಾಳಿಯ ಮೂಲಕ 13 ವರ್ಷದ ಹುಡುಗಿಯೊಬ್ಬಳನ್ನು 5 ಪೌಂಡಿಗೆ ತಾವೇ ಕೊಂಡು, 1885ರ ಜುಲೈಯಲ್ಲಿ ಆ ವೃತ್ತಾಂತವನ್ನು ಪ್ರಕಟಿಸಿದರು. ದೇಶವೆಲ್ಲ ತಲ್ಲಣಿಸಿತು. ಪಾರ್ಲಿಮೆಂಟಿನಲ್ಲಿ ನೆನೆಗುದಿಗೆ ಬಿದ್ದಿದ್ದ ಮಸೂದೆಯು ಆಗಸ್ಟಿನಲ್ಲಿಯೇ ಶಾಸನವಾಗಿ, ಹುಡುಗಿಯರ ಸಮ್ಮತಿ ವಯಸ್ಸು 13ರಿಂದ 16ಕ್ಕೆ ಏರಿತು. ಆದರೆ ಹುಡುಗಿಯ ತಂದೆಯ ಒಪ್ಪಿಗೆಯಿಲ್ಲದೆ ಆಕೆಯನ್ನು ಕೊಂಡೊಯ್ದುದರಿಂದ, ಅಪಹರಣದ ಅಪರಾಧಕ್ಕಾಗಿ ಸ್ಟೆಡ್ಡರಿಗೆ ಮೂರು ತಿಂಗಳ ಸೆರೆವಾಸವಾಯಿತು. ತೀರ್ಪಿನ ದಿನವು ಬಂದಾಗಲೆಲ್ಲ ಅವರು ಪ್ರತಿವರ್ಷವೂ ಸೆರೆಯುಡುಪನ್ನು ಅಭಿಮಾನದಿಂದ ಧರಿಸುತ್ತಿದ್ದರು.

1890ರಲ್ಲಿ ಅವರು ‘ರಿವ್ಯೂ ಆಫ್ ರಿವ್ಯೂಸ್’ ಮಾಸಪತ್ರಿಕೆಯನ್ನು ಆರಂಭಿಸಿದರು. 1899ರಲ್ಲಿ ಬೋಯರ್ ಯುದ್ಧವು ಮೊದಲಾದಾಗ, ತಮ್ಮ ಜನರ ಕೋಪಕ್ಕೆ ಅಂಜದೆ ಅದನ್ನು ವಿರೋಧಿಸಿದರು. 1912ರ ಏಪ್ರಿಲ್ 15ರಂದು ಟೈಟಾನಿಕ್ ಹಡಗಿನೊಡನೆ ಜಲಸಮಾಧಿ ಹೊಂದಿದರು.

ಸ್ಟೆಡ್ಡರ ಧೈರ್ಯಕ್ಕೆ ನಾವು ತಲೆಬಾಗುತ್ತೇವೆ. ಆ ಸೆರೆಯುಡುಪಿನ ಅಭಿಮಾನದಲ್ಲಿ ಮಾತ್ರ ಪಾಲುಗೊಳ್ಳಲಾರೆವು. ಸಾವಿರಾರು ಬಾಲಿಕೆಯರ ರಕ್ಷಣೆಗಾಗಿ ಅವರು ಒಬ್ಬ ಬಾಲಿಕೆಯನ್ನು ಸಾಧನವಾಗಿ ಬಳಸಿದರು. ಏನೂ ಅರಿಯದ ಆಕೆಯ ಭೀತಿಯನ್ನು ಗಣನೆಗೆ ತರಲಿಲ್ಲ. ಉದ್ದೇಶವು ಎಷ್ಟೇ ಪವಿತ್ರವಾಗಿರಲಿ, ತಾನು ಯಾರ ಪಕ್ಷವನ್ನು ವಹಿಸಿರುವನೋ ಅವರನ್ನು ನೋಯಿಸುವ ಅಧಿಕಾರವು ಸಂಪಾದಕನಿಗಿಲ್ಲವೆಂದು ನಾವು ನಂಬುತ್ತೇವೆ.