ಇರಾನಿನ ಮುತ್ಸದ್ದಿ ಡಾ. ಮೊಸಾದೆಗ್

ಕಬ್ಬಿಣ, ಕಲ್ಲಿದ್ದಲು, ಎಣ್ಣೆ ಎಲ್ಲ ದೇಶಗಳಿಗೂ ಬೇಕು. ಆದರೆ ಪ್ರಕೃತಿಯು ಇವುಗಳನ್ನು ಎಲ್ಲ ದೇಶಗಳಿಗೂ ಸಮನಾಗಿ ಹಂಚಿಲ್ಲ. ಇಲ್ಲದವರು ಇರುವವರ ಬಾಗಿಲಿಗೆ ಹೋಗಲೇಬೇಕು. ಹೀಗೆ ಮೊದಲು ವ್ಯಾಪಾರಿಗಳು ಹೋದರು. ಅವರ ಹಿಂದೆ ರಾಯಭಾರಿಗಳು ಹೋದರು. ಕೆಲವೊಮ್ಮೆ ಯುದ್ಧನೌಕೆಗಳೂ ಹೋದವು. ಈ ಮಾತಿಗೆ ಇರಾನಿನ ಪ್ರಧಾನಮಂತ್ರಿಯಾಗಿದ್ದ ಡಾ. ಮೊಹಮ್ಮದ್ ಮೊಸಾದೆಗ್ ಅವರ ಜೀವನವೇ ಒಂದು ನಿದರ್ಶನ.

ಮೊಸಾದೆಗ್ ಅವರು 1882ರಲ್ಲಿ ಟೆಹರಾನಿನಲ್ಲಿ ಹುಟ್ಟಿದರು. ತಂದೆ ಹಣಕಾಸು ಇಲಾಖೆಯ ದೊಡ್ಡ ಅಧಿಕಾರಿ. ತಾಯಿ ಅಂದು ಆಳುತ್ತಿದ್ದ ಕಾಜಾರ್ ರಾಜಮನೆತನದವರು. ಬಾಲ್ಯದಲ್ಲಿಯೇ ತಂದೆ ತೀರಿಕೊಂಡುದರಿಂದ ಹದಿಹರೆಯದಲ್ಲಿ ಖೊರಾಸಾನ್ ಪ್ರಾಂತದ ಕಂದಾಯ ಲೆಕ್ಕದ ಹೊಣೆ ಅವರ ಹೆಗಲಿಗೆ ಬಿತ್ತು. ಮುಂದೆ ಪ್ಯಾರಿಸಿನಲ್ಲಿಯೂ ಸ್ವಿಟ್ಜರ್ಲೆಂಡಿನ ನ್ಯೂಶಾಟೆಲ್ಲಿನಲ್ಲಿಯೂ ವ್ಯಾಸಂಗ ಮಾಡಿ, ನ್ಯಾಯಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು, ಮೊದಲನೆಯ ಮಹಾಯುದ್ಧ ಆರಂಭವಾಗುವ ವೇಳೆಗೆ ಸ್ವದೇಶಕ್ಕೆ ಹಿಂತಿರುಗಿದರು.

ಅಷ್ಟರಲ್ಲಿ ಅವರ ದೇಶದ ಹಣೆಬರಹವನ್ನು ಬೇರೆಯವರು ಬರೆದಾಗಿತ್ತು. 1901ರಲ್ಲಿ ಅಂದಿನ ದೊರೆಯು ವಿಲಿಯಂ ನಾಕ್ಸ್ ಡಾರ್ಸಿ ಎಂಬ ಶ್ರೀಮಂತನಿಗೆ ಎಣ್ಣೆ ತೆಗೆಯುವ ಹಕ್ಕನ್ನು 60 ವರ್ಷಗಳ ಕಾಲ ಬರೆದುಕೊಟ್ಟಿದ್ದನು. ಇರಾನಿಗೆ ಸಲ್ಲಬೇಕಾದುದು ನಿವ್ವಳ ಲಾಭದಲ್ಲಿ ಶೇಕಡಾ 16 ಮಾತ್ರ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬ ನಮ್ಮ ಗಾದೆಗೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ. 1908ರಲ್ಲಿ ಮಸ್ಜಿದ್ ಸುಲೇಮಾನಿನಲ್ಲಿ ಎಣ್ಣೆ ಚಿಮ್ಮಿತು. ಮರುವರ್ಷ ಆಂಗ್ಲೋ-ಪರ್ಷಿಯನ್ ಎಣ್ಣೆ ಕಂಪನಿ ಸ್ಥಾಪನೆಯಾಯಿತು. ಬ್ರಿಟನ್ನಿನ ನೆಲದಲ್ಲಿ ಕಲ್ಲಿದ್ದಲು ಬೇಕಾದಷ್ಟಿದ್ದರೂ ಅಂದು ಎಣ್ಣೆ ಹೆಚ್ಚುಕಡಿಮೆ ಇರಲಿಲ್ಲ. ಅದರ ನೌಕಾಪಡೆಯೋ ಕಲ್ಲಿದ್ದಲನ್ನು ಬಿಟ್ಟು ಎಣ್ಣೆಗೆ ತಿರುಗುತ್ತಿತ್ತು. ಆದುದರಿಂದ 1914ರಲ್ಲಿ ಬ್ರಿಟಿಷ್ ಸರ್ಕಾರವೇ ಕಂಪನಿಯ ಅರ್ಧಕ್ಕಿಂತ ಹೆಚ್ಚು ಷೇರುಗಳನ್ನು ಕೊಂಡುಕೊಂಡಿತು. ಅಂದಿನಿಂದ ಕಂಪನಿಯೊಡನೆ ಆಡುವ ಪ್ರತಿಯೊಂದು ಮಾತೂ ಒಂದು ಸಾಮ್ರಾಜ್ಯದೊಡನೆ ಆಡುವ ಮಾತಾಯಿತು.

ಮೊಸಾದೆಗ್ ಅವರು ಸ್ವಭಾವತಃ ಸಂವಿಧಾನವಾದಿ. 1925ರಲ್ಲಿ ಸೇನಾನಾಯಕ ರೆಜಾ ಖಾನನು ತಾನೇ ದೊರೆಯಾಗಲು ಹೊರಟಾಗ, ಮಜ್ಲಿಸ್ ಎಂಬ ಅಲ್ಲಿಯ ಸಂಸತ್ತಿನಲ್ಲಿ ಎದ್ದುನಿಂತು ವಿರೋಧಿಸಿದ ಕೆಲವೇ ಮಂದಿಯಲ್ಲಿ ಅವರೂ ಒಬ್ಬರು. ಅದರ ಫಲವಾಗಿ ವರ್ಷಗಟ್ಟಲೆ ರಾಜಕೀಯದಿಂದ ದೂರವಿರಬೇಕಾಯಿತು; 1940ರಲ್ಲಿ ಸೆರೆವಾಸವೂ ಪ್ರಾಪ್ತವಾಯಿತು. 1941ರಲ್ಲಿ ರೆಜಾ ಷಾ ಪದಚ್ಯುತನಾದ ಮೇಲೆ ಮತ್ತೆ ಮಜ್ಲಿಸಿಗೆ ಆಯ್ಕೆಯಾದರು. ಯಾವ ಮಂತ್ರಿಯೂ ಪರದೇಶದವರೊಡನೆ ಎಣ್ಣೆಯ ಹಕ್ಕಿನ ಬಗ್ಗೆ ಮಾತುಕತೆ ನಡೆಸಕೂಡದೆಂಬ ಕಾನೂನನ್ನು 1944ರಲ್ಲಿ ತಂದವರು ಅವರೇ. ಆ ಕಾನೂನು ಆಗ ತಡೆದದ್ದು ಎಣ್ಣೆಯ ಹಕ್ಕು ಕೇಳಿಕೊಂಡು ಬಂದಿದ್ದ ಸೋವಿಯೆತ್ ರಷ್ಯವನ್ನು. ಅವರ ವಿರೋಧ ಬ್ರಿಟನ್ನೊಂದರ ಮೇಲೆ ಮಾತ್ರ ಇರಲಿಲ್ಲವೆಂಬುದನ್ನು ನಾವು ಮರೆಯಬಾರದು.

ಅಬಾದಾನಿನಲ್ಲಿ ಪ್ರಪಂಚದಲ್ಲೇ ಅತಿ ದೊಡ್ಡ ಎಣ್ಣೆ ಶುದ್ಧೀಕರಣ ಕಾರ್ಖಾನೆ ನಡೆಯುತ್ತಿತ್ತು. ಅದರ ಪಕ್ಕದಲ್ಲೇ ಇರಾನಿನ ಕೂಲಿಗಳು ನೀರು ದೀಪಗಳಿಲ್ಲದ ಗುಡಿಸಲುಗಳಲ್ಲಿದ್ದರು. ಇರಾನಿಗೆ ಬರುತ್ತಿದ್ದ ರಾಜಧನಕ್ಕಿಂತ ಕಂಪನಿಯು ಬ್ರಿಟಿಷ್ ಬೊಕ್ಕಸಕ್ಕೆ ಕಟ್ಟುತ್ತಿದ್ದ ತೆರಿಗೆಯೇ ಹೆಚ್ಚಾಗಿತ್ತು. 1950ರ ಕೊನೆಯಲ್ಲಿ ನೆರೆಯ ಸೌದಿ ಅರೇಬಿಯಕ್ಕೆ ಅಮೆರಿಕದ ಕಂಪನಿಗಳು ಲಾಭದ ಅರ್ಧ ಪಾಲನ್ನು ಒಪ್ಪಿದುವು. ಇರಾನಿನ ಜನ ಇನ್ನು ಸುಮ್ಮನಿರಲು ಸಿದ್ಧರಿರಲಿಲ್ಲ. 1951ರ ಮಾರ್ಚಿಯಲ್ಲಿ ಎಣ್ಣೆ ಉದ್ಯಮವನ್ನು ರಾಷ್ಟ್ರೀಕರಣಗೊಳಿಸುವ ಕಾನೂನು ಅಂಗೀಕಾರವಾಯಿತು. ಏಪ್ರಿಲಿನಲ್ಲಿ ಮೊಸಾದೆಗ್ ಪ್ರಧಾನಮಂತ್ರಿಯಾದರು.

ಬ್ರಿಟನ್ನು ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ದೂರು ಕೊಟ್ಟಿತು. ಸುಮಾರು ಎಪ್ಪತ್ತರ ವೃದ್ಧರು, ರೋಗಿಷ್ಠರು, 1951ರ ಅಕ್ಟೋಬರಿನಲ್ಲಿ ತಾವೇ ನ್ಯೂಯಾರ್ಕಿಗೆ ಹೋಗಿ ತಮ್ಮ ದೇಶದ ಪರವಾಗಿ ವಾದಿಸಿದರು. ಆಗ ಮಂಡಳಿಯಲ್ಲಿ ಭಾರತವನ್ನು ಪ್ರತಿನಿಧಿಸುತ್ತಿದ್ದವರು ಮಂಗಳೂರಿನಲ್ಲಿ ಹುಟ್ಟಿದ ಸರ್ ಬೆನಗಲ್ ನರಸಿಂಗರಾಯರು. ಬ್ರಿಟನ್ನಿನ ನಿರ್ಣಯವನ್ನು ಮೃದುಗೊಳಿಸುವ ತಿದ್ದುಪಡಿಗಳನ್ನು ಭಾರತವೂ ಯುಗೋಸ್ಲಾವಿಯವೂ ಮಂಡಿಸಿದುವು. ಕೊನೆಗೆ ಚರ್ಚೆಯೇ ಮುಂದಕ್ಕೆ ಹೋಯಿತು. ರಾಯರು ಮುಂದೆ ಹೇಗಿನ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದಾಗ, ಮಂಡಳಿಯಲ್ಲಿ ತಾವು ಭಾಗವಹಿಸಿದ್ದ ಕಾರಣಕ್ಕಾಗಿ ಈ ಮೊಕದ್ದಮೆಯಿಂದ ದೂರ ಉಳಿದರು. 1952ರ ಜುಲೈ 22ರಂದು, ಈ ವ್ಯಾಜ್ಯವನ್ನು ವಿಚಾರಿಸುವ ಅಧಿಕಾರ ತನಗಿಲ್ಲವೆಂದು ನ್ಯಾಯಾಲಯ 9ಕ್ಕೆ 5 ಮತಗಳಿಂದ ತೀರ್ಮಾನಿಸಿತು. ಆ ಒಂಬತ್ತರಲ್ಲಿ ಬ್ರಿಟಿಷ್ ನ್ಯಾಯಾಧೀಶರದೂ ಒಂದು ಮತವಿತ್ತು.

ನ್ಯಾಯಾಲಯದಲ್ಲಿ ಗೆದ್ದರೂ ಪೇಟೆಯಲ್ಲಿ ಗೆಲ್ಲಲಾಗಲಿಲ್ಲ. ನಮ್ಮ ಹಳ್ಳಿಗಳ ಕಡೆ ಬೆಳೆ ರೈತನದಾದರೂ ಗಾಡಿ, ತಕ್ಕಡಿ, ಮಂಡಿ ಮೂರೂ ಬೇರೆಯವರ ಕೈಯಲ್ಲಿದ್ದರೆ ಬೆಲೆ ಕಟ್ಟುವವನು ರೈತನಲ್ಲ. ಇರಾನಿನ ಗತಿಯೂ ಅದೇ ಆಯಿತು. ಎಣ್ಣೆ ಹಡಗುಗಳೆಲ್ಲ ದೊಡ್ಡ ಕಂಪನಿಗಳವು. ಇರಾನಿನ ಎಣ್ಣೆ ಹೊತ್ತ ರೋಸ್ ಮೇರಿ ಎಂಬ ಹಡಗನ್ನು 1952ರಲ್ಲಿ ಬ್ರಿಟಿಷರು ಏಡನ್ನಿನಲ್ಲಿ ತಡೆದರು. 1953ರಲ್ಲಿ ಜಪಾನಿನ ನಿಶ್ಶೋ ಮಾರು ಎಂಬ ಹಡಗು ಧೈರ್ಯಮಾಡಿ ಬಂದು ಎಣ್ಣೆ ತುಂಬಿಕೊಂಡು ಹೋಯಿತಾದರೂ ಅಂಥವು ಬೆರಳೆಣಿಕೆಯಷ್ಟು. ಕುವೈತ್, ಸೌದಿ ಅರೇಬಿಯ, ಇರಾಕ್‌ಗಳಲ್ಲಿ ಉತ್ಪಾದನೆ ಹೆಚ್ಚಿತು. ಇರಾನಿನ ಎಣ್ಣೆಯಿಲ್ಲದೆ ಪ್ರಪಂಚ ನಡೆಯಿತು. ಎಣ್ಣೆಯ ಹಣವಿಲ್ಲದೆ ಇರಾನಿನ ಬೊಕ್ಕಸ ನಡೆಯಲಿಲ್ಲ.

ಮೊಸಾದೆಗ್ ಅವರಲ್ಲಿ ದೋಷಗಳಿರಲಿಲ್ಲವೆಂದಲ್ಲ. ವಿಶ್ವ ಬ್ಯಾಂಕು ಸೂಚಿಸಿದ ತಾತ್ಕಾಲಿಕ ರಾಜಿಯನ್ನು ಅವರು ಒಪ್ಪಲಿಲ್ಲ. ಜೊತೆಗಾರರು ಒಬ್ಬೊಬ್ಬರಾಗಿ ದೂರವಾದರು. ಬಾಳೆಲ್ಲ ಮಜ್ಲಿಸಿನ ಗೌರವಕ್ಕಾಗಿ ಹೋರಾಡಿದವರೇ 1953ರಲ್ಲಿ ಜನಮತಗಣನೆ ನಡೆಸಿ ಅದನ್ನು ವಿಸರ್ಜಿಸಲು ಹೊರಟರು; ಆ ಗಣನೆಯಲ್ಲಿ ಹೌದು ಎನ್ನುವವರಿಗೊಂದು, ಅಲ್ಲ ಎನ್ನುವವರಿಗೊಂದು ಬೇರೆ ಬೇರೆ ಪೆಟ್ಟಿಗೆಗಳಿದ್ದುವು. ಆದರೆ ಅವರನ್ನು ಉರುಳಿಸಿದ್ದು ಈ ದೋಷಗಳಲ್ಲ. ಇರಾನು ಕಮ್ಯುನಿಸ್ಟರ ಪಾಲಾದೀತೆಂಬ ಭಯವನ್ನು ಮುಂದಿಟ್ಟು ಅಮೆರಿಕ, ಬ್ರಿಟನ್ನುಗಳ ಗೂಢಚಾರ ಇಲಾಖೆಗಳು ಸಂಚು ಹೂಡಿದುವು. ಆಗಸ್ಟ್ 15ರ ರಾತ್ರಿಯ ಮೊದಲ ಯತ್ನ ವಿಫಲವಾಗಿ ಷಾ ದೇಶ ಬಿಟ್ಟು ಓಡಿದನು. ನಾಲ್ಕೇ ದಿನಗಳಲ್ಲಿ, 19ರಂದು, ಹಣ ಕೊಟ್ಟು ಕೂಡಿಸಿದ ಗುಂಪುಗಳೂ ಸೈನ್ಯದ ಟ್ಯಾಂಕುಗಳೂ ಸೇರಿ ಅವರ ಸರ್ಕಾರವನ್ನು ಕೆಡವಿದುವು. ಅಮೆರಿಕದ ಗೂಢಚಾರ ಇಲಾಖೆಯ ಪಾತ್ರವನ್ನು ಒಪ್ಪಿಕೊಳ್ಳುವ ಅದರದೇ ದಾಖಲೆಗಳು 2013ರಲ್ಲಿ ಹೊರಬಂದುವು.

1954ರ ಹೊಸ ಒಪ್ಪಂದದಲ್ಲಿ ಹಳೆಯ ಕಂಪನಿಗೆ ಶೇಕಡಾ 40, ಅಮೆರಿಕದ ಕಂಪನಿಗಳಿಗೆ ಶೇಕಡಾ 40, ಉಳಿದುದು ಡಚ್ಚರ ಷೆಲ್ ಮತ್ತು ಫ್ರೆಂಚರ ಕಂಪನಿಗೆ ಎಂದು ಪಾಲಾಯಿತು. ಲಾಭದಲ್ಲಿ ಅರ್ಧ ಇರಾನಿಗೆ ಬಂದಿತು. ಆದರೆ ಎಷ್ಟು ತೆಗೆಯಬೇಕು, ಯಾರಿಗೆ ಮಾರಬೇಕು ಎಂಬುದು ಅದರ ಕೈಗೆ ಬರಲಿಲ್ಲ. ಮೊಸಾದೆಗ್ ಅವರಿಗೆ ಸೈನಿಕ ನ್ಯಾಯಾಲಯ ಮೂರು ವರ್ಷಗಳ ಸೆರೆವಾಸ ವಿಧಿಸಿತು. ಅನಂತರ ಅಹಮದಾಬಾದ್ ಎಂಬ ತಮ್ಮ ಹಳ್ಳಿಯಲ್ಲಿ ಗೃಹಬಂಧನದಲ್ಲಿದ್ದು 1967ರ ಮಾರ್ಚ್ 5ರಂದು ತೀರಿಕೊಂಡರು. 1952ರಲ್ಲಿ ತಮಗಾಗಿ ಬೀದಿಯಲ್ಲಿ ಪ್ರಾಣ ಕೊಟ್ಟವರ ಪಕ್ಕದಲ್ಲಿ ಮಣ್ಣಾಗಬೇಕೆಂಬುದು ಅವರ ಆಸೆಯಾಗಿತ್ತು. ಅದಕ್ಕೂ ಅನುಮತಿ ದೊರೆಯದೆ ಅವರನ್ನು ಮನೆಯ ಊಟದ ಕೋಣೆಯಲ್ಲಿಯೇ ಹೂಳಬೇಕಾಯಿತು.

ಎಣ್ಣೆ ಮಾರುವ ಐದು ದೇಶಗಳು 1960ರಲ್ಲಿ ಬಾಗ್ದಾದಿನಲ್ಲಿ ಕೂಡಿ ಒಪೆಕ್ ಸಂಘವನ್ನು ಕಟ್ಟಿದುವು. ಅವುಗಳಲ್ಲಿ ಇರಾನೂ ಒಂದು. ಒಬ್ಬನು ಮಾರದಿದ್ದರೆ ಕೊಳ್ಳುವವನು ಪಕ್ಕದ ಅಂಗಡಿಗೆ ಹೋಗುತ್ತಾನೆಂಬ ಪಾಠವನ್ನು ಇರಾನು ಆ ಮೊದಲೇ ಬಹಳ ಬೆಲೆ ತೆತ್ತು ಕಲಿತಿತ್ತು. ಇನ್ನೊಂದು ಪಾಠ ಕೊಳ್ಳುವ ದೇಶಗಳಿಗೆ ಸೇರಿದುದು. 1953ರ ಗಾಯವನ್ನು ಇರಾನಿನ ಜನ ಮರೆಯಲಿಲ್ಲ. 1979ರ ಕ್ರಾಂತಿಯಲ್ಲಿ ಷಾ ಮತ್ತೆ ಓಡಬೇಕಾಯಿತು. ಅಗತ್ಯವಾದ ವಸ್ತುವಿಗಾಗಿ ನೆರೆಯವನ ಮನೆಯ ಯಜಮಾನನನ್ನೇ ಬದಲಾಯಿಸಿದವರಿಗೆ ಆ ವಸ್ತು ಕೆಲವು ಕಾಲ ದಕ್ಕಿತು, ಆದರೆ ಆ ಮನೆಯ ವಿಶ್ವಾಸ ದಕ್ಕಲಿಲ್ಲ. ಅರ್ಥಶಾಸ್ತ್ರವನ್ನೂ ಇತಿಹಾಸವನ್ನೂ ಬೇರೆ ಬೇರೆ ಪುಸ್ತಕಗಳಲ್ಲಿ ಓದುವ ನಾವು ಈ ವೃದ್ಧರ ಜೀವನದಲ್ಲಿ ಅವೆರಡನ್ನೂ ಒಟ್ಟಿಗೆ ಓದಬಹುದು.